ಮೊದಲು ಕಣ್ಣಿಗೆ ನಗು, ಆಮೇಲೆ ಕಿವಿಗೆ

ಪ್ರಶ್ನೆ: ನಾವು 15 ವರ್ಷದಿಂದ ಪುಣೆಯಲ್ಲಿದ್ದೇವೆ. ಮಗಳಿಗೆ 14 ವರ್ಷ, ಮಗನಿಗೆ 9. ಮನೆಯಲ್ಲಿ ಕನ್ನಡವೇ ಮಾತಾಡುತ್ತೇವೆ. ಆದರೂ ಮಗನಿಗೆ ಅರ್ಧಂಬರ್ಧ ಅರ್ಥವಾಗುತ್ತದೆ. ದಸರಾ ರಜೆಗೆ ಹಾಸನದಿಂದ ಮಾವನವರು ಬರುತ್ತಿದ್ದಾರೆ. ಅವರಿಗೆ 74. ಸಂಜೆ ಹೊತ್ತು ಎಲ್ಲರೂ ಒಟ್ಟಿಗೆ ಕೂತು ನಗುವಂತಹ ಕನ್ನಡ ಸಿನಿಮಾಗಳು ಬೇಕು. ಮಾವನವರ ಎದುರು ಮುಜುಗರ ಆಗಬಾರದು. ಮಕ್ಕಳು ಫೋನ್ ಹಿಡಿದುಕೊಂಡು ಎದ್ದು ಹೋಗಬಾರದು. ಯಾವುದರಿಂದ ಶುರು ಮಾಡಲಿ?

ಉತ್ತರ: ಮೊದಲ ಸಂಜೆ ‘ಪುಷ್ಪಕ ವಿಮಾನ’ ಹಾಕಿ. ಅದನ್ನು ಬಿಟ್ಟು ಬೇರೆ ಯೋಚಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ತೊಡಕಾಗುವುದು ವಯಸ್ಸಲ್ಲ, ಮಾತು. ಕನ್ನಡದ ಒಳ್ಳೆಯ ಹಾಸ್ಯ ಚಿತ್ರಗಳು ಬಹುಪಾಲು ಮಾತಿನ ಮೇಲೆ ನಿಂತಿವೆ. ಒಬ್ಬ ಒಂದು ಮಾತು ಆಡುತ್ತಾನೆ, ಇನ್ನೊಬ್ಬ ಅದನ್ನೇ ತಿರುಗಿಸಿ ಕೊಡುತ್ತಾನೆ. ಆ ಮಾತು ಕಿವಿಗೆ ಬಿದ್ದ ಕ್ಷಣದಲ್ಲೇ ಅರ್ಥವಾಗಬೇಕು. ಸಬ್‌ಟೈಟಲ್ ಓದಿ ಮುಗಿಸುವಷ್ಟರಲ್ಲಿ ತಾತ ನಕ್ಕು ಆಗಿರುತ್ತದೆ. ಎಲ್ಲರೂ ನಗುವಾಗ ತನಗೊಬ್ಬನಿಗೆ ಗೊತ್ತಾಗದೆ ಕೂತಿರುವ ಮಗು ಹತ್ತು ನಿಮಿಷದಲ್ಲಿ ಫೋನಿಗೆ ಕೈ ಹಾಕುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಶಾಲೆ, ಅಪಾರ್ಟ್‌ಮೆಂಟ್ ಹಾಲ್, ಹೊರನಾಡಿನ ಕನ್ನಡ ಸಂಘ ಅಂತ ಸಿನಿಮಾ ತೋರಿಸುತ್ತಾ ಬಂದಿದ್ದೇನೆ. ಸಿನಿಮಾ ಓಡುವಾಗ ಪರದೆಗಿಂತ ಜಾಸ್ತಿ ಕೂತವರ ಮುಖ ನೋಡುತ್ತೇನೆ. ಅದರಿಂದ ಕಲಿತದ್ದು ಇಷ್ಟೇ: ಬೇರೆ ಊರಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಮೊದಲು ಕಣ್ಣಿಗೆ ನಗು ಬರಿಸಬೇಕು, ಆಮೇಲೆ ಕಿವಿಗೆ. ಎರಡು ಸಂಜೆ ಚೆನ್ನಾಗಿ ನಕ್ಕ ಮಗು ಮೂರನೇ ಸಂಜೆ ಮಾತಿಗೆ ತಾನೇ ಕಿವಿ ಕೊಡುತ್ತದೆ. ಹಾಗಾಗಿ ನಿಮಗೆ ಸುಮ್ನೆ ಹೆಸರುಗಳನ್ನು ಕೊಡುವುದಕ್ಕಿಂತ ಯಾವುದರ ನಂತರ ಯಾವುದು ಅನ್ನುವುದನ್ನು ಹೇಳುತ್ತೇನೆ.

‘ಪುಷ್ಪಕ ವಿಮಾನ’ 1987ರ ಚಿತ್ರ. ನಿರ್ದೇಶನ ಸಿಂಗೀತಂ ಶ್ರೀನಿವಾಸ ರಾವ್, ನಿರ್ಮಾಣ ಶೃಂಗಾರ್ ನಾಗರಾಜ್. ಕಮಲ್ ಹಾಸನ್ ಮತ್ತು ಅಮಲಾ ಮುಖ್ಯ ಪಾತ್ರದಲ್ಲಿದ್ದಾರೆ. ಇಡೀ ಚಿತ್ರದಲ್ಲಿ ಒಂದೇ ಒಂದು ಸಂಭಾಷಣೆ ಇಲ್ಲ. ಹಾಗಂತ ಇದು ಹಳೇ ಕಾಲದ ಮೂಕಿ ಚಿತ್ರವಲ್ಲ. ಬಸ್ಸಿನ ಸದ್ದಿದೆ, ನಲ್ಲಿಯ ಸದ್ದಿದೆ, ರೇಡಿಯೋ ಇದೆ, ಎಲ್.ವೈದ್ಯನಾಥನ್ ಅವರ ಸಂಗೀತವಿದೆ. ಮಾತಾಡುವ ಸಂದರ್ಭವೇ ಬರದ ಹಾಗೆ ಒಂದೊಂದು ದೃಶ್ಯವನ್ನೂ ಕಟ್ಟಿದ್ದಾರೆ. ಬೆಂಗಳೂರಿನಲ್ಲೇ ತೆಗೆದ ಚಿತ್ರ. ವಿಂಡ್ಸರ್ ಮ್ಯಾನರ್ ಹೋಟೆಲ್ ಇದರಲ್ಲಿ ಒಂದು ಪಾತ್ರದಷ್ಟೇ ದೊಡ್ಡದು. ಒಳ್ಳೆಯ ಮನರಂಜನೆಯ ಜನಪ್ರಿಯ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿ ಇದಕ್ಕೆ ಸಿಕ್ಕಿತು.

ಕೆಲಸ ಇಲ್ಲದ ಒಬ್ಬ ಹುಡುಗ. ತಾರಸಿ ಮೇಲಿನ ಪುಟ್ಟ ರೂಮು. ಒಂದು ರಾತ್ರಿ ರಸ್ತೆಯಲ್ಲಿ ಕುಡಿದು ಬಿದ್ದ ಶ್ರೀಮಂತ ಸಿಗುತ್ತಾನೆ, ಅವನ ಹತ್ತಿರ ಹೋಟೆಲಿನ ಕೀ ಇರುತ್ತದೆ. ಅವನನ್ನು ತನ್ನ ರೂಮಿನಲ್ಲಿ ಕಟ್ಟಿಹಾಕಿ ಇವನು ಹೋಟೆಲಿಗೆ ಹೋಗಿ ಇರುತ್ತಾನೆ. ಅಲ್ಲಿ ಮೊದಲ ರಾತ್ರಿ ನಿದ್ದೆ ಬರುವುದಿಲ್ಲ. ಅವನ ಹಳೇ ರೂಮಿನ ಪಕ್ಕ ಟಾಕೀಸು ಇತ್ತು, ಆ ಗದ್ದಲದಲ್ಲೇ ಮಲಗಿ ರೂಢಿ. ಈಗ ಏನು ಮಾಡುತ್ತಾನೆ? ಹೋಗಿ ಆ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಹೋಟೆಲಿನಲ್ಲಿ ಹಾಕಿಕೊಂಡು ಮಲಗುತ್ತಾನೆ. ಇದಕ್ಕೆ ಒಂಬತ್ತು ವರ್ಷದವನೂ ನಗುತ್ತಾನೆ, ಎಪ್ಪತ್ನಾಲ್ಕರವರೂ ನಗುತ್ತಾರೆ. ಬೇರೆ ಬೇರೆ ಕಾರಣಕ್ಕೆ ನಗುತ್ತಾರೆ, ಅದೇ ಅದರ ಚೆಂದ. ಕಟ್ಟಿಹಾಕಿದವನ ಕಕ್ಕಸಿನ ಸಮಸ್ಯೆಗೆ ಹುಡುಗ ಹುಡುಕುವ ಉಪಾಯ ಇನ್ನೊಂದಿದೆ, ಬಣ್ಣದ ಕಾಗದ ಸುತ್ತಿದ ಗಿಫ್ಟ್ ಡಬ್ಬಿಯದ್ದು. ಅದನ್ನು ಹೇಳಿ ಕೆಡಿಸುವುದಿಲ್ಲ. ನಿಮ್ಮ ಮಗ ಅಲ್ಲಿ ಸೋಫಾದಿಂದ ಕೆಳಗೆ ಬೀಳುತ್ತಾನೆ, ನೋಡುತ್ತಿರಿ. ಮಂಜುಗಡ್ಡೆಯ ಚಾಕು ಹಿಡಿದು ಬರುವ ಕೊಲೆಗಾರನೂ ಇದ್ದಾನೆ, ಟಿನ್ನು ಆನಂದ್ ಮಾಡಿದ್ದಾರೆ. ಹೆದರಿಕೆ ಆಗಬೇಕಾದ ಜಾಗದಲ್ಲಿ ಚಾಕು ಕರಗುತ್ತದೆ.

ಒಂದು ಮಾತು ಮುಂಚೆಯೇ ಹೇಳುತ್ತೇನೆ. ಕೊನೆ ಸ್ವಲ್ಪ ಮನಸ್ಸಿಗೆ ತಟ್ಟುತ್ತದೆ. ಮಗ ‘ಹೀಗ್ಯಾಕಾಯ್ತು’ ಅಂತ ಕೇಳಬಹುದು. ಕೇಳಲಿ. ತಾತ ಉತ್ತರ ಹೇಳಲಿ.

ಎರಡನೇ ಸಂಜೆಗೆ ‘ಗುರು ಶಿಷ್ಯರು’. 1981ರ ಚಿತ್ರ, ಭಾರ್ಗವ ನಿರ್ದೇಶನ. ವಿಷ್ಣುವರ್ಧನ್, ಮಂಜುಳಾ, ದ್ವಾರಕೀಶ್. ಪರಮಾನಂದಯ್ಯನ ಶಿಷ್ಯರ ಕಥೆ ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಹೇಳುತ್ತಿದ್ದದ್ದು. ಗುರುಗಳು ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ಅನಾಹುತ ತರುವ ದಡ್ಡ ಶಿಷ್ಯರು. ಇಲ್ಲಿ ಮಾತಿದೆ, ಆದರೆ ಸುಲಭದ ಮಾತು. ಮಾತು ತಪ್ಪಿದರೂ ಮೈ ಕೈ ಮುಖ ಕಥೆ ಹೇಳುತ್ತದೆ. ಹುಣಸೂರಿನಲ್ಲಿ ಹುಟ್ಟಿದ ದ್ವಾರಕೀಶ್ ನಟರಷ್ಟೇ ಅಲ್ಲ, ಈ ಚಿತ್ರದ ನಿರ್ಮಾಪಕರೂ ಹೌದು. 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ತಮ್ಮ ಗಿಡ್ಡ ದೇಹವನ್ನೇ ಬಂಡವಾಳ ಮಾಡಿಕೊಂಡು, ‘ಕುಳ್ಳ’ ಅನ್ನುವ ಪದಕ್ಕೆ ಕನ್ನಡದಲ್ಲಿ ಒಂದು ಪ್ರೀತಿ ತುಂಬಿದವರು. ‘ದೊಡ್ಡವರೆಲ್ಲ ಜಾಣರಲ್ಲ’ ಹಾಡು ಬಂದಾಗ ಮುಂದಕ್ಕೆ ಓಡಿಸಬೇಡಿ. ಮರುದಿನ ಬೆಳಿಗ್ಗೆ ನಿಮ್ಮ ಮಗ ಅದನ್ನೇ ಗುನುಗುತ್ತಾನೆ. ಈ ಚಿತ್ರ ನಿಧಾನ ಅನ್ನಿಸಿದರೆ ಮಧ್ಯಂತರಕ್ಕೆ ನಿಲ್ಲಿಸಿ, ಉಳಿದದ್ದನ್ನು ಮರುದಿನ ನೋಡಿ. ನಷ್ಟವೇನಿಲ್ಲ.

ಮೂರನೇ ಸಂಜೆ ಕಿವಿಯ ಸರದಿ: ‘ಗಣೇಶನ ಮದುವೆ’.

ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ನನ್ನ ಮಟ್ಟಿಗೆ ಮನೆಮಂದಿ ಕೂತು ನೋಡುವ ಕನ್ನಡದ ಹಾಸ್ಯ ಚಿತ್ರ ಅಂದರೆ ಇದೇ. 1990ರಲ್ಲಿ ಬಂತು, ಫಣಿ ರಾಮಚಂದ್ರ ನಿರ್ದೇಶನ. ಅನಂತ್ ನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು. ಒಂದು ವಠಾರ. ಅದರ ಮಾಲೀಕ ರಮಣಮೂರ್ತಿ. ಅವನ ಮಗಳು ಆದಿಲಕ್ಷ್ಮಿಗೂ ಬಾಡಿಗೆಗಿರುವ ಗಣೇಶನಿಗೂ ದಿನಾ ಜಗಳ. ಇತ್ತ ಗಣೇಶ ಶ್ರುತಿ ಅನ್ನುವ ಗಾಯಕಿಯ ದನಿಗೆ ಮನಸೋತು ಅವಳಿಗೆ ಕಾಗದ ಬರೆಯುತ್ತಾನೆ. ಮುಖ ನೋಡಿಲ್ಲ. ಆ ಶ್ರುತಿಯೇ ಈ ಆದಿಲಕ್ಷ್ಮಿ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಬೆಳಿಗ್ಗೆ ಅವಳನ್ನೇ ಬೈದು, ರಾತ್ರಿ ಅವಳಿಗೇ ಪ್ರೇಮದ ಕಾಗದ ಬರೆಯುತ್ತಾನೆ. ನಗು ಬರುವುದು ಯಾರೋ ಹೇಳಿದ ಜೋಕಿನಿಂದಲ್ಲ. ನಮಗೆ ಗೊತ್ತಿರುವುದಕ್ಕೂ ಅವನಿಗೆ ಗೊತ್ತಿರುವುದಕ್ಕೂ ನಡುವೆ ಇರುವ ಸಂದಿಯಿಂದ ನಗು ಬರುತ್ತದೆ. ಹೀಗೆ ಕಥೆಯ ಒಳಗಿಂದ ಬರುವ ನಗು ಹಳೇದಾಗುವುದಿಲ್ಲ. ಹತ್ತನೇ ಸಲ ನೋಡಿದಾಗಲೂ ಬರುತ್ತದೆ.

ಚಿತ್ರ ಹಾಕುವ ಮೊದಲು ಮಕ್ಕಳಿಗೆ ಒಂದು ಪದ ಹೇಳಿಕೊಡಿ: ವಠಾರ. ನೀವು ಪುಣೆಯಲ್ಲಿದ್ದೀರಿ, ಆದ್ದರಿಂದ ಸುಲಭ. ಪೇಠೆಗಳ ಕಡೆ ಹಳೇ ವಾಡೆಗಳಿವೆ ಅಲ್ವಾ, ಒಂದೇ ಅಂಗಳದ ಸುತ್ತ ಹತ್ತಾರು ಸಂಸಾರ? ಅದೇ ಥರ ಅಂದರೆ ಸಾಕು. ನೀರು ಬಂದಾಗ ಎಲ್ಲರೂ ಕೊಡ ಹಿಡಿದು ಓಡುವುದು, ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಗೆ ಗೊತ್ತಾಗುವುದು, ಬಾಡಿಗೆ ಕೇಳಲು ಮಾಲೀಕ ಬಂದಾಗ ಬಾಗಿಲು ಹಾಕಿಕೊಳ್ಳುವುದು. ಈ ಬದುಕು ಗೊತ್ತಿದ್ದರೆ ಅರ್ಧ ನಗು ಅಲ್ಲೇ ಸಿಕ್ಕಿತು. ನಿಮ್ಮ ಮಾವನವರು ವಠಾರದಲ್ಲಿ ಇದ್ದವರಾದರೆ ಊಟದ ಹೊತ್ತಿಗೆ ಅವರನ್ನೇ ಕೇಳಿ. ಸಿನಿಮಾಕ್ಕಿಂತ ಒಳ್ಳೆಯ ಕಥೆಗಳು ಬರುತ್ತವೆ.

ಇನ್ನೊಂದು ವಿಷಯ ಮಗಳಿಗೆ ಹೇಳಿ. ಅನಂತ್ ನಾಗ್ ಮತ್ತು ಅವರ ತಮ್ಮ ಶಂಕರ್ ನಾಗ್ ಇಬ್ಬರೂ ಮುಂಬೈಯ ರಂಗಭೂಮಿಯಲ್ಲಿ ಬೆಳೆದವರು. ಮರಾಠಿ ನಾಟಕಗಳಲ್ಲಿ ಪಳಗಿದವರು. ಅವಳ ಶಾಲೆಯ ಭಾಷೆಗೂ ತಾತನ ಭಾಷೆಗೂ ಈ ಇಬ್ಬರಲ್ಲಿ ಒಂದು ಸೇತುವೆ ಇದೆ. ಚಂದ್ರು ಅವರಿಗೆ ‘ಮುಖ್ಯಮಂತ್ರಿ’ ಅನ್ನುವ ಹೆಸರು ಬಂದದ್ದೂ ನಾಟಕದಿಂದಲೇ. ‘ಮುಖ್ಯಮಂತ್ರಿ’ ನಾಟಕದ ಮುಖ್ಯ ಪಾತ್ರವನ್ನು 1980ರಿಂದ ಮಾಡುತ್ತಾ ಬಂದರು, ಹೆಸರು ಅಂಟಿಕೊಂಡಿತು. ಈ ಚಿತ್ರದಲ್ಲಿ ಮಾತು ಎಷ್ಟು ಗಡಿಯಾರದ ಹಾಗೆ ಕೂರುತ್ತದೆ ಅನ್ನುವುದನ್ನು ಗಮನಿಸಿದರೆ ನಾಟಕದ ತಾಲೀಮು ಏನು ಮಾಡುತ್ತದೆ ಅಂತ ಗೊತ್ತಾಗುತ್ತದೆ.

ಇದು ಹಿಡಿಸಿದರೆ ಅದೇ ಫಣಿ ರಾಮಚಂದ್ರ ಮತ್ತು ಅನಂತ್ ನಾಗ್ ಜೋಡಿಯ ‘ಗೌರಿ ಗಣೇಶ’ 1991ರದ್ದು ಇದೆ. ತೀರಿಹೋದ ಒಬ್ಬ ಹೆಣ್ಣುಮಗಳ ಡೈರಿ ಸಿಕ್ಕಿ, ಅದನ್ನಿಟ್ಟುಕೊಂಡು ಮೂವರು ಗಂಡಸರಿಗೆ ‘ಇವನು ನಿಮ್ಮ ಮಗ’ ಅಂತ ನಂಬಿಸಿ ದುಡ್ಡು ಕೀಳುವ ಲಂಬೋದರನ ಕಥೆ. ಹುಡುಗನ ಪಾತ್ರ ಮಾಸ್ಟರ್ ಆನಂದ್ ಅವರದ್ದು. ತುಂಬಾ ಒಳ್ಳೆಯ ಚಿತ್ರ, ಅಸಭ್ಯ ಏನೂ ಇಲ್ಲ. ಆದರೆ ಒಂಬತ್ತು ವರ್ಷದವನು ನಡುವೆ ಕೇಳುವ ಪ್ರಶ್ನೆಗಳಿಗೆ ಮಾವನವರ ಎದುರು ಉತ್ತರ ಹೇಳಬೇಕಾಗುತ್ತದೆ. ಅದು ನಿಮಗೆ ಬಿಟ್ಟದ್ದು. ಹಗುರ ಬೇಕು ಅಂದರೆ 1980ರ ‘ನಾರದ ವಿಜಯ’ ಹಾಕಿ. ಸಿದ್ದಲಿಂಗಯ್ಯ ನಿರ್ದೇಶನ. ನಾರದ ಭೂಮಿಗೆ ಇಳಿದು ಬರುತ್ತಾನೆ, ಇಲ್ಲಿ ಅವನ ಥರವೇ ಇರುವ ಇನ್ನೊಬ್ಬ ಇದ್ದಾನೆ. ಎರಡೂ ಅನಂತ್ ನಾಗ್.

ನಾಲ್ಕನೇ ಸಂಜೆ ಮಕ್ಕಳದ್ದೇ ಆಗಲಿ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 2018, ರಿಷಬ್ ಶೆಟ್ಟಿ ನಿರ್ದೇಶನ. ಮಕ್ಕಳ ಚಿತ್ರ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಪಡೆದದ್ದು. ಕಾಸರಗೋಡು ಕೇರಳದಲ್ಲಿದೆ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಂಥ ಒಂದು ಶಾಲೆಗೆ ಕನ್ನಡವೇ ಬಾರದ ಮಲಯಾಳಿ ಲೆಕ್ಕದ ಮೇಷ್ಟ್ರು ಬರುತ್ತಾರೆ. ಅವರು ಹೇಳುವುದು ಮಕ್ಕಳಿಗೆ ಅರ್ಥವಾಗುವುದಿಲ್ಲ, ಮಕ್ಕಳು ಹೇಳುವುದು ಅವರಿಗೆ ಅರ್ಥವಾಗುವುದಿಲ್ಲ. ನಿಮ್ಮ ಮಗನಿಗೆ ಈ ಚಿತ್ರವನ್ನು ಬೇಕಂತಲೇ ಆರಿಸಿದ್ದೇನೆ. ಭಾಷೆ ಅರ್ಥವಾಗದೆ ತರಗತಿಯಲ್ಲಿ ಕೂರುವುದು ಏನು ಅಂತ ಅವನಿಗೆ ತಾತನಿಗಿಂತ ಚೆನ್ನಾಗಿ ಗೊತ್ತು. ಈ ಒಂದು ಸಂಜೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ನಗುವವನು ಅವನೇ ಆಗಬಹುದು. ಕಥೆ ಕೊನೆಗೆ ಮೈಸೂರಿಗೆ ಬರುತ್ತದೆ, ಅನಂತ್ ನಾಗ್ ಬರುತ್ತಾರೆ. ಮೂರನೇ ಸಂಜೆಯ ಗಣೇಶ ಇವರೇ ಅಂತ ಮಕ್ಕಳು ಗುರುತು ಹಿಡಿದರೆ ನೋಡಿ, ಮನೆಯಲ್ಲಿ ಒಂದು ಸಂಭ್ರಮ.

ಇಲ್ಲಿಂದ ಮುಂದೆ ಕರಾವಳಿ. ಮಂಗಳೂರು ಕಡೆಯ ಕನ್ನಡ ಕೇಳಿದಾಗ ಹಾಸನದ ಕಿವಿಗೂ ಹೊಸದು, ಪುಣೆಯ ಕಿವಿಗೂ ಹೊಸದು. ತಾತ ಮೊಮ್ಮಗ ಇಬ್ಬರೂ ಅಲ್ಲಿ ಸಮ. ‘ಒಂದು ಮೊಟ್ಟೆಯ ಕಥೆ’ 2017ರದ್ದು, ರಾಜ್ ಬಿ. ಶೆಟ್ಟಿ ಅವರ ಮೊದಲ ನಿರ್ದೇಶನ, ನಾಯಕರೂ ಅವರೇ. ಜನಾರ್ದನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಮೇಷ್ಟ್ರು. ತಲೆ ಬೋಳು. ಮದುವೆ ಕೂಡಿ ಬರುತ್ತಿಲ್ಲ. ರಾಜ್‌ಕುಮಾರ್ ಅಂದರೆ ಪ್ರಾಣ. ಸಾಮಾನ್ಯವಾಗಿ ಬೋಳುತಲೆಯವನು ನಮ್ಮ ಚಿತ್ರಗಳಲ್ಲಿ ಪಕ್ಕದಲ್ಲಿ ನಿಂತು ಏಟು ತಿನ್ನುವವನು. ಇಲ್ಲಿ ಅವನೇ ಕಥೆಯ ನಡುವೆ ನಿಂತಿದ್ದಾನೆ. ನಾವು ಅವನ ಅವಸ್ಥೆಗೆ ನಗುತ್ತೇವೆ, ಅವನನ್ನು ಕೀಳು ಮಾಡಿ ನಗುವುದಿಲ್ಲ. ಹದಿನಾಲ್ಕರ ಮಗಳಿಗೆ ಇದನ್ನು ಖಂಡಿತ ತೋರಿಸಿ. ಕನ್ನಡಿ ಮುಂದೆ ನಿಂತು ತನ್ನ ಬಗ್ಗೆ ತಾನೇ ತಪ್ಪು ಹುಡುಕುವ ವಯಸ್ಸು ಅದು. ಹಿಂದಿಯಲ್ಲೂ ಮಲಯಾಳದಲ್ಲೂ ಈ ಕಥೆಯನ್ನು ಮತ್ತೆ ಮಾಡಿದರು. ಮೂಲವೇ ಚೆಂದ ಅನ್ನುವುದು ನನ್ನ ಅಭಿಪ್ರಾಯ.

ಅದೇ ಬಳಗದಿಂದ 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಬಂತು. ಜೆ.ಪಿ. ತುಮಿನಾಡ್ ನಿರ್ದೇಶನ. ಕರಾವಳಿಯ ಒಂದು ಹಳ್ಳಿ. ಅಶೋಕ ಅನ್ನುವ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಅನ್ನುವವಳ ದೆವ್ವ ಬಂದಿದೆ ಅಂತ ಊರೇ ನಂಬುತ್ತದೆ. ಊರ ಜನ ಒಬ್ಬೊಬ್ಬರೂ ಬೇರೆ ಬೇರೆ ಥರ ಹೆದರುತ್ತಾರೆ, ಬೇರೆ ಬೇರೆ ಥರ ಬುದ್ಧಿ ಹೇಳುತ್ತಾರೆ. ಕರಾವಳಿಯಲ್ಲಿ ತುಳು ಹಾಸ್ಯ ನಾಟಕಗಳ ದೊಡ್ಡ ಪರಂಪರೆ ಇದೆ. ಊರಿಂದೂರಿಗೆ ಹೋಗಿ, ಜನರ ನಗು ಕೇಳುತ್ತಲೇ ಮಾತಿನ ಹೊತ್ತು ಕಲಿತ ನಟರು ಅಲ್ಲಿದ್ದಾರೆ. ಆ ಕಸುಬು ಇಂಥ ಚಿತ್ರಗಳಲ್ಲಿ ಕಾಣುತ್ತದೆ. ದ್ವಿತೀಯಾರ್ಧದಲ್ಲಿ ಒಂದು ಗಂಭೀರ ವಿಷಯವಿದೆ, ಮಗಳ ಜೊತೆ ಆಮೇಲೆ ಮಾತಾಡಿ.

ಮಗಳಿಗೆ ಅಂತ ಇನ್ನೊಂದು: ‘ಡೇರ್‌ಡೆವಿಲ್ ಮುಸ್ತಾಫಾ’, 2023. ಪೂರ್ಣಚಂದ್ರ ತೇಜಸ್ವಿ ಅವರ ಕಥೆ, ಶಶಾಂಕ್ ಸೋಗಾಲ್ ನಿರ್ದೇಶನ. ತೇಜಸ್ವಿಯವರನ್ನು ಓದಿ ಬೆಳೆದವರು ತಾವೇ ಹಣ ಸೇರಿಸಿ ಮಾಡಿದ ಚಿತ್ರ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. ಅಬಚೂರಿನ ಕಾಲೇಜಿಗೆ ಒಬ್ಬನೇ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ, ಉಳಿದ ಹುಡುಗರಿಗೆ ದಿಗಿಲು. ಮುಂದಿನದ್ದು ನೋಡಿಯೇ ಸವಿಯಬೇಕು. ರಜೆ ಮುಗಿದ ಮೇಲೆ ಅವಳ ಕೈಗೆ ಆ ಕಥೆಯ ಪುಸ್ತಕ ಕೊಡಿ.

ಈಗ ನಿಮ್ಮ ಮಾವನವರ ವಿಷಯ. ಅವರಿಗೆ 74 ಅಂದರೆ ‘ಸತ್ಯ ಹರಿಶ್ಚಂದ್ರ’ ಬಂದ 1965ರಲ್ಲಿ ಅವರಿಗೆ ನಿಮ್ಮ ಮಗಳ ವಯಸ್ಸು. ಅದು ಹಾಸ್ಯ ಚಿತ್ರವಲ್ಲ, ಆದರೆ ಅದರಲ್ಲಿ ನಕ್ಷತ್ರಿಕನಾಗಿ ನರಸಿಂಹರಾಜು ಇದ್ದಾರೆ. ತಿಪಟೂರಿನವರು, ಕಂಪನಿ ನಾಟಕದಿಂದ ಬಂದವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆಗೇ ಸಿನಿಮಾಕ್ಕೆ ಕಾಲಿಟ್ಟವರು. ಜನ ಪ್ರೀತಿಯಿಂದ ಹಾಸ್ಯ ಚಕ್ರವರ್ತಿ ಅಂದರು. ಸಣಕಲು ಮೈ, ಮುಂದೆ ಬಂದ ಹಲ್ಲು, ಹರಿಶ್ಚಂದ್ರನನ್ನು ಕಾಡುವ ಆ ರೀತಿ! ಇಡೀ ಮೂರು ಗಂಟೆ ಮಕ್ಕಳನ್ನು ಕೂರಿಸಬೇಡಿ. ನಕ್ಷತ್ರಿಕ ಬರುವ ಭಾಗಗಳನ್ನಷ್ಟೇ ಹಾಕಿ, ಮಾವನವರು ಪಕ್ಕದಲ್ಲಿ ಕೂತು ಕಥೆ ಹೇಳಲಿ. ಈ ಚಿತ್ರಕ್ಕೆ 2008ರಲ್ಲಿ ಬಣ್ಣ ತುಂಬಿದರು, ಆ ಪ್ರತಿ ಸಿಕ್ಕರೆ ಮಕ್ಕಳಿಗೆ ಸುಲಭ. ನನಗೆ ಮಾತ್ರ ಕಪ್ಪು ಬಿಳುಪೇ ಇಷ್ಟ. ನಾನು ನರಸಿಂಹರಾಜು ಅವರನ್ನು ಮೊದಲು ನೋಡಿದ್ದು ನಮ್ಮೂರ ಗಣಪತಿ ಪೆಂಡಾಲಿನ ಮುಂದೆ. ರಸ್ತೆಗೆ ಅಡ್ಡ ಕಟ್ಟಿದ ಬಿಳಿ ಪಂಚೆಯ ಮೇಲೆ, ಚಾಪೆ ಹಾಸಿಕೊಂಡು ಕೂತು. ಪಂಚೆಯ ಹಿಂದೆ ಕೂತವರಿಗೆ ಚಿತ್ರ ತಿರುಗುಮುರುಗಾಗಿ ಕಾಣುತ್ತಿತ್ತು, ಅವರೂ ಅಷ್ಟೇ ನಗುತ್ತಿದ್ದರು.

ಮಕ್ಕಳು ಮಲಗಿದ ಮೇಲೆ ದೊಡ್ಡವರಿಗೆ ಒಂದು ಚಿತ್ರ ಹೇಳುತ್ತೇನೆ: ‘ತಿಥಿ’. ರಾಮ್ ರೆಡ್ಡಿ ನಿರ್ದೇಶನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ಇಲ್ಲಿ ಬಿಡುಗಡೆಯಾಯಿತು. ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ ನಟರು, ಯಾರೂ ಮೊದಲು ಕ್ಯಾಮೆರಾ ಕಂಡವರಲ್ಲ. ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಜಮೀನು ಮಾರಿಬಿಡಬೇಕು ಅಂತ ಮೊಮ್ಮಗನ ಆತುರ. ಆಸ್ತಿ ಸೇರಬೇಕಾದ ಮಗ ಗಡ್ಡಪ್ಪನಿಗೆ ಅದರ ಗೊಡವೆಯೇ ಇಲ್ಲ, ಸುಮ್ನೆ ತಿರುಗಾಡಿಕೊಂಡಿರುತ್ತಾನೆ. ಕನ್ನಡದಲ್ಲಿ ಇಷ್ಟು ನಿಜವಾದ ಹಳ್ಳಿ ಮಾತು ಬೇರೆ ಯಾವ ಚಿತ್ರದಲ್ಲೂ ನಾನು ಕೇಳಿಲ್ಲ. ಆದರೆ ಆ ನಿಜದಲ್ಲಿ ಬೈಗುಳವೂ ಸೇರಿದೆ. ಹೊರನಾಡಿನ ಒಂದು ಸಂಘದಲ್ಲಿ ಮಕ್ಕಳು ಅಜ್ಜಿಯರು ಎಲ್ಲ ಇದ್ದ ಸಭೆಗೆ ನಾನು ಇದನ್ನು ಹಾಕಿದ್ದೆ. ಶುರುವಿನಲ್ಲೇ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈಯುತ್ತಾನೆ. ಎರಡು ಸಾಲು ಎದ್ದು ಹೊರಗೆ ಹೋಯಿತು. ಚಿತ್ರದ ತಪ್ಪಲ್ಲ ಅದು. ಯಾರಿಗೆ ತೋರಿಸುತ್ತಿದ್ದೇನೆ ಅಂತ ನಾನು ಯೋಚಿಸಬೇಕಿತ್ತು. ಮಾವನವರು ಹಳ್ಳಿಯಲ್ಲಿ ಬೆಳೆದವರಾದರೆ ಅವರಿಗೆ ಇದು ತುಂಬಾ ಹಿಡಿಸುತ್ತದೆ. ಆದರೂ ಅವರ ಮಗನೇ ಜೊತೆಗೆ ಕೂರಲಿ.

ನಿಮ್ಮಿಬ್ಬರಿಗೆ ಅಂತಾದರೆ 2005ರ ‘ರಾಮ ಶಾಮ ಭಾಮ’ ನೋಡಿ. ರಮೇಶ್ ಅರವಿಂದ್ ಅವರ ಮೊದಲ ನಿರ್ದೇಶನ, ಕಮಲ್ ಹಾಸನ್ ಧಾರವಾಡದ ಕಡೆಯ ಕನ್ನಡ ಮಾತಾಡುತ್ತಾರೆ. ಮೊದಲ ಸಂಜೆ ಒಂದು ಮಾತೂ ಆಡದ ನಟ ಇಲ್ಲಿ ಬಾಯಿ ಮುಚ್ಚುವುದೇ ಇಲ್ಲ.

ಯಾವುದು ಬೇಡ ಅನ್ನುವುದನ್ನೂ ಹೇಳಬೇಕು. ನಟ, ನಿರ್ದೇಶಕ ಕಾಶೀನಾಥ್ ಅವರ ಮೇಲೆ ನನಗೆ ದೊಡ್ಡ ಗೌರವವಿದೆ. ‘ಅನುಭವ’ದಂಥ ಚಿತ್ರದಲ್ಲಿ ಯಾರೂ ಮಾತಾಡದ ವಿಷಯ ಮಾತಾಡಿದರು, ಉಪೇಂದ್ರ ಅವರಂಥವರು ಅವರ ಗರಡಿಯಿಂದ ಬಂದರು. ಆದರೆ ನೀವು ಹೇಳುವ ಸಂಜೆಗೆ ಅವು ಹೊಂದುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಎರಡರ್ಥದ ಮಾತನ್ನೇ ನೆಚ್ಚಿಕೊಂಡ ಚಿತ್ರಗಳೂ ಬಹಳ ಬಂದವು. ದಪ್ಪಗಿರುವವರನ್ನು, ತೊದಲುವವರನ್ನು, ಕಪ್ಪಗಿರುವವರನ್ನು ನಿಲ್ಲಿಸಿಕೊಂಡು ನಗಿಸುವ ದೃಶ್ಯಗಳು ಒಳ್ಳೆಯ ಚಿತ್ರಗಳಲ್ಲೂ ನುಸುಳಿವೆ. ಅದಕ್ಕೇ ಯಾವ ಚಿತ್ರವಾದರೂ ಹಿಂದಿನ ರಾತ್ರಿ ನೀವೊಬ್ಬರೇ ಒಂದು ಇಪ್ಪತ್ತು ನಿಮಿಷ, ನಡುವೆ ಅಲ್ಲಲ್ಲಿ, ನೋಡಿಕೊಳ್ಳಿ. ಹೊಸ ಚಿತ್ರವಾದರೆ ಸೆನ್ಸಾರ್ ಗುರುತು ನೋಡಿ. 2024ರಿಂದ ಯುಎ, ಅಂದರೆ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕಾದ ಚಿತ್ರ ಅನ್ನುವ ಗುರುತನ್ನು, 7+, 13+, 16+ ಅಂತ ಮೂರಾಗಿ ಒಡೆದಿದ್ದಾರೆ. ನಿಮ್ಮ ಮಗನಿಗೆ 13+ ಇದ್ದರೆ ಯೋಚಿಸಬೇಕು ಅಂತ ಅರ್ಥ.

ಕೂತು ನೋಡುವಾಗ ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ನಡುವೆ ನಿಲ್ಲಿಸಿ ಅರ್ಥ ಹೇಳಬೇಡಿ. ನಗು ಅನ್ನುವುದು ಒಂದರ ಹಿಂದೆ ಒಂದು ಏರುತ್ತಾ ಹೋಗುತ್ತದೆ, ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಏರಬೇಕು. ಗೊತ್ತಾಗದ ಮಾತನ್ನು ಮಗ ಒಂದು ಚೀಟಿಯಲ್ಲಿ ಗೀಚಿಕೊಳ್ಳಲಿ, ಊಟಕ್ಕೆ ಕೂತಾಗ ತಾತನನ್ನು ಕೇಳಲಿ. ಯೂಟ್ಯೂಬಿನಲ್ಲಿ ಈ ಚಿತ್ರಗಳ ತುಣುಕುಗಳು ಬೇಕಾದಷ್ಟಿವೆ, ಅವನ್ನು ಮೊದಲೇ ತೋರಿಸಬೇಡಿ. ತಾತ ಮೊಮ್ಮಗ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ನೀವು ಸ್ವಲ್ಪ ಹಿಂದೆ ಕೂರಿ. ಚೀಟಿಯಲ್ಲಿ ಯಾವ ಯಾವ ಮಾತು ಬಂತು ಅಂತ ರಜೆ ಮುಗಿದ ಮೇಲೆ ನನಗೆ ಬರೆದು ತಿಳಿಸಿ.